ತಾಲೂಕಿಲ್ಲದ ದೇಶ

ಬೀದರ್

ಪರದೇಶಕ್ಕೆ ಹೋಗಿ ಬಂದವರು ಹಿಮ ನೋಡಿದೆ, ಅರಮನೆ ನೋಡಿದೆ ಎನ್ನುತ್ತಾರೆ. ನಾನು ಜರ್ಮನಿಗೆ ಹೋಗಿ ಹೆಚ್ಚಾಗಿ ನೋಡಿದ್ದು ಒಂದು ಸರ್ಕಾರಿ ಕಚೇರಿಯನ್ನು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಹೆಂಡತಿ ನಕ್ಕಳು. ಅವಳ ನಗುವಿನಲ್ಲಿ ತಪ್ಪೇನೂ ಇಲ್ಲ.

ನಾನು ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು. ನಿಜಾಮರ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಹಳ್ಳಿಯವರು ನನ್ನನ್ನು ಪಟವಾರಿ ಸಾಹೇಬ ಎಂದೇ ಕರೆಯುತ್ತಿದ್ದರು. ಪಹಣಿ ಬರೆಯುವುದು, ಬೆಳೆ ನೋಡುವುದು, ಗಡಿಕಲ್ಲು ಹುಡುಕುವುದು ನಮ್ಮ ಕೆಲಸ. ಹಳ್ಳಿಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ದಾಖಲು ಮಾಡುವುದೂ ನಮ್ಮದೇ. ನನ್ನ ಹುಟ್ಟೂರು ನಿಂಬಗಾಂವ (ಕೆ). ಕೆಲವು ವರ್ಷ ಅಲ್ಲಿಯೇ ಕೆಲಸವನ್ನೂ ಮಾಡಿದೆ. ಈಗ ಬೀದರಿನಲ್ಲಿದ್ದೇನೆ. ಬೀದರ್ ಈಚೆಗೆ ಮಹಾನಗರ ಪಾಲಿಕೆಯಾಗಿದೆಯಂತೆ. ನಮ್ಮ ಓಣಿಯ ನಾಯಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನನ್ನ ತಂಗಿ ಕಸ್ತೂರಿಯನ್ನು ಭಾಲ್ಕಿಗೆ ಕೊಟ್ಟಿದೆ. ಅವಳ ಮಗಳು ಲೀಲಾ ಬೀದರಿನಲ್ಲಿ ನರ್ಸಿಂಗ್ ಓದಿದಳು. ಗಂಡ ದಿಲೀಪನೂ ಅದೇ ಓದು ಓದಿದವನು. ಇಬ್ಬರೂ ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿಯೇ ಲೀಲಾಗೆ ಹೆಣ್ಣು ಕೂಸಾಯಿತು. ಹದಿನೈದು ದಿನಕ್ಕೆ ಅವಳ ಫೋನು ಬಂತು.

"ಮಾಮಾ, ಕೂಸಿನ ಜನನ ಪ್ರಮಾಣಪತ್ರ ಕೊಡ್ಲತ್ತಿಲ್ಲರಿ. ನಾ ಹುಟ್ಟಿದ ಊರು ಒಂದೊಂದು ಕಾಗದದಾಗ ಒಂದೊಂದು ಅದಂತ. ಹಿಂಗೇ ಇದ್ರ ಕೂಸಿನ ಕಾಗದದ ಮ್ಯಾಲ 'ತಾಯಿಯ ಗುರುತು ಖಾತ್ರಿ ಆಗಿಲ್ಲ' ಅಂತ ಷರಾ ಬರೀತಾರಂತ. ಒಂಬತ್ತು ತಿಂಗಳು ಹೊತ್ತಾಕಿ ನಾ. ಇನ್ನ ಯಾರ ಖಾತ್ರಿ ಬೇಕ್ರಿ ಇವರಿಗಿ?"

ಷರಾ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಯ ಕಾಲಂನಲ್ಲಿ ಬರೆಯುವ ಆ ಅರ್ಧ ಸಾಲು ಮನುಷ್ಯನನ್ನು ಸಾಯುವವರೆಗೂ ಬಿಡುವುದಿಲ್ಲ. ಎಷ್ಟೋ ಜನರ ಹೊಲದ ಮೇಲೆ ನಾನೇ ಬರೆದಿದ್ದೇನೆ.

ಲೀಲಾಳ ಕಾಗದಗಳು ಮೂರು. ಹಳೆಯ ಕೈಬರಹದ ಜನನ ಪತ್ರದಲ್ಲಿ ನಿಂಬಗಾಂವ (ಕೆ), ತಾ. ಔರಾದ ಎಂದಿದೆ. ಆಮೇಲೆ ತೆಗೆಸಿದ ಕಂಪ್ಯೂಟರ್ ಪ್ರತಿಯಲ್ಲಿ ನಿಂಬಗಾಂವ (ಕೆ), ತಾ. ಕಮಲನಗರ ಎಂದಿದೆ. ಔರಾದ ತಾಲೂಕನ್ನು ಒಡೆದು ಕಮಲನಗರ ತಾಲೂಕು ಮಾಡಿದಾಗ ನಮ್ಮ ಊರು ಆ ಕಡೆ ಹೋಯಿತು. ಪಾಸ್‌ಪೋರ್ಟಿನಲ್ಲಿ ಭಾಲ್ಕಿ ಎಂದಿದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಹುಟ್ಟಿದ ಊರು ಕೇಳದೆ ಶಾಲೆ ಇದ್ದ ಊರನ್ನೇ ಬರೆದುಕೊಂಡಿದ್ದರು. ಅದೇ ಪಾಸ್‌ಪೋರ್ಟಿನವರೆಗೂ ನಡೆದು ಬಂತು.

"ಹಳಿ ಕಾಗದ ಬರದವರು ನೀವೇ ಅಲ್ರಿ. ಬರದವರೇ ಬಂದು ಹೇಳಿದ್ರ ಕೇಳ್ತೀನಂತಾರ ಆ ಆಫೀಸಿನ ಬಾಯಿ. ಬರ್ರಿ ಮಾಮಾ, ಕೂಸಿಗೂ ನೋಡಿದಂಗಾಗ್ತದ," ಎಂದಳು ಲೀಲಾ. ಬಾಯಿ ಎಂದರೆ ನಮ್ಮ ಕಡೆ ಹೆಂಗಸರಿಗೆ ಕೊಡುವ ಮರ್ಯಾದೆ.

ಬರೆದವನು ನಾನೇ, ನಿಜ. ಆದರೆ ಅದರಲ್ಲಿ ಹುಟ್ಟಿದ ಸ್ಥಳ ಎಂಬ ಸಾಲು ಸುಳ್ಳು. ಲೀಲಾ ನಿಂಬಗಾಂವದಲ್ಲಿ ಹುಟ್ಟಲಿಲ್ಲ. ಇದು ನನಗೆ ಗೊತ್ತು, ಕಸ್ತೂರಿಗೆ ಗೊತ್ತು. ಗೊತ್ತಿದ್ದ ಉಳಿದವರೆಲ್ಲ ತೀರಿಕೊಂಡಿದ್ದಾರೆ. ಲೀಲಾಗೆ ಗೊತ್ತಿಲ್ಲ.

ಕಸ್ತೂರಿಗೆ ಮೊಣಕಾಲು ನೋವು, ವಿಮಾನ ಹತ್ತಲಾರಳು. ಅವಳು ಕಟ್ಟಿಕೊಟ್ಟ ಅಂಟಿನ ಉಂಡೆ, ಅಜವಾನ, ಬೆಳ್ಳುಳ್ಳಿ ಚಟ್ನಿಪುಡಿಯ ಡಬ್ಬಿಗಳನ್ನು ತುಂಬಿಕೊಂಡು ನಾನು ಹೊರಟೆ. ಬಾಣಂತನಕ್ಕೆ ಗಂಡಸು ಹೋದದ್ದು ನಮ್ಮ ಮನೆತನದಲ್ಲಿ ಇದೇ ಮೊದಲು.

ವಿಮಾನ ನಿಲ್ದಾಣ

ಅಲ್ಲಿಯ ಅಧಿಕಾರಿ ಬಂದ ಕಾರಣ ಕೇಳಿದ. ಬಾಣಂತನಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಹೊಳೆಯಲಿಲ್ಲ. ಹೊಳೆದ ಹತ್ತಿರದ ಪದ 'ಡೆಲಿವರಿ'. ಅದನ್ನೇ ಹೇಳಿದೆ. ಅವನು ಮುಖವೆತ್ತಿ ಏನನ್ನು ತಲುಪಿಸಲು ಬಂದಿದ್ದೀರಿ, ಯಾರಿಗೆ ಎಂದ. ನಾನು ಹೆಮ್ಮೆಯಿಂದ ಡಬ್ಬಿ ತೋರಿಸಿದೆ.

ಆಮೇಲೆ ಇಬ್ಬರು ಕೈಗವಸು ಹಾಕಿಕೊಂಡು ಕಸ್ತೂರಿಯ ಉಂಡೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಒಬ್ಬಳು ಮೂಸಿಯೂ ನೋಡಿದಳು. ಕೊನೆಗೆ ಫೋನಿನಲ್ಲಿದ್ದ ಕೂಸಿನ ಚಿತ್ರ ತೋರಿಸಿದಾಗ ಎಲ್ಲರ ಮುಖವೂ ಸಡಿಲವಾಯಿತು. ಉಂಡೆಗಳನ್ನು ಅವರು ಮತ್ತೆ ಡಬ್ಬಿಗೆ ಜೋಡಿಸಿದ ಅಚ್ಚುಕಟ್ಟು ಕಸ್ತೂರಿಗೂ ಬರುವುದಿಲ್ಲ.

ಕ್ಲೈನ್‌ಹಾಗನ್

ಲೀಲಾ ಇರುವುದು ಕ್ಲೈನ್‌ಹಾಗನ್ ಎಂಬ ಹಳ್ಳಿಯಲ್ಲಿ. ಮೂರು ಬೀದಿ, ಒಂದು ಚರ್ಚು, ಹೊತ್ತಿಗೆ ಸರಿಯಾಗಿ ಬರುವ ಒಂದು ಬಸ್ಸು. ಬೀದಿಯಲ್ಲಿ ಜನ ಕಾಣುವುದಿಲ್ಲ, ಆದರೆ ಕಿಟಕಿಗಳೆಲ್ಲ ತೊಳೆದಿಟ್ಟಂತಿವೆ. ಊರಿನ ಬಾಯಲ್ಲಿ ಒಂದು ಹಳದಿ ಫಲಕ. ದೊಡ್ಡ ಅಕ್ಷರದಲ್ಲಿ ಊರಿನ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಯಾವ ಆಡಳಿತಕ್ಕೆ ಸೇರಿದ್ದು, ಯಾವ ಜಿಲ್ಲೆಗೆ ಸೇರಿದ್ದು ಎಂಬ ವಿವರ. ಪಹಣಿಯ ತಲೆಬರಹ ಓದಿದಂತಾಗಿ ನನಗೆ ಬಹಳ ಸಮಾಧಾನವಾಯಿತು. ಹೊಸ ಊರಿಗೆ ಹೋದಾಗ ಇಷ್ಟು ತಿಳಿದರೆ ಸಾಕು, ಉಳಿದದ್ದು ಮಾತಾಡಿಕೊಂಡರಾಯಿತು.

ಮರುದಿನ ಬೆಳಿಗ್ಗೆ ಊರಿನ ಇನ್ನೊಂದು ತುದಿಯವರೆಗೆ ನಡೆದುಹೋದೆ. ಅಲ್ಲಿಯೂ ಅಂಥದೇ ಹಳದಿ ಫಲಕ. ಆದರೆ ಊರಿನ ಹೆಸರಿನ ಮೇಲೆ ಓರೆಯಾಗಿ ಒಂದು ಕೆಂಪು ಗೀಟು ಎಳೆದಿತ್ತು. ನಾನು ಅಲ್ಲಿಯೇ ನಿಂತೆ. ನಮ್ಮ ದಫ್ತರದಲ್ಲಿ ಕೆಂಪು ಗೀಟು ಎಂದರೆ ರದ್ದು. ಖಾತೆ ರದ್ದಾದರೂ ಗೀಟು, ಹೆಸರು ಕಡಿಮೆಯಾದರೂ ಗೀಟು. ಈ ಊರನ್ನು ರದ್ದು ಮಾಡಿದ್ದಾರೆ, ಪಾಪ, ಫಲಕ ಕಿತ್ತುಹಾಕಲು ಮಾತ್ರ ಮರೆತಿದ್ದಾರೆ ಎಂದುಕೊಂಡೆ. ಬೀದಿಯಲ್ಲಿ ಜನ ಕಾಣದಿದ್ದುದಕ್ಕೂ ಕಾರಣ ಸಿಕ್ಕಿತು.

ಲೀಲಾಳ ಪಕ್ಕದ ಮನೆಯ ಮುದುಕಿ ಹೆಲ್ಗಾ ಗಿಡಗಳಿಗೆ ನೀರು ಹಾಕುತ್ತಿದ್ದಳು. ಸ್ವಲ್ಪ ಇಂಗ್ಲಿಷು ಬಲ್ಲವಳು. ನಾನು ಟೊಪ್ಪಿಗೆ ತೆಗೆದು, ನಿಮ್ಮ ಊರು ರದ್ದಾದದ್ದಕ್ಕೆ ನನಗೆ ತುಂಬಾ ದುಃಖವಾಗಿದೆ ಎಂದು ನನ್ನ ಕಚೇರಿ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನೀರಿನ ಡಬ್ಬಿ ಕೆಳಗಿಟ್ಟು ಲೀಲಾಳನ್ನು ಕೂಗಿದಳು.

ಲೀಲಾ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದಳು. ವಿಷಯ ಕೇಳಿ, ನಗು ತಡೆಯಲಾರದೆ ಕೂಸನ್ನು ನನ್ನ ಕೈಗೆ ಕೊಟ್ಟಳು.

"ಮಾಮಾ, ಕೆಂಪು ಗೀಟಂದ್ರ ಊರು ಮುಗೀತು, ಇನ್ನ ಗಾಡಿ ಜೋರು ಹೊಡೀರಿ ಅಂತ್ರಿ! ರದ್ದಲ್ಲ!"

ನಗಬೇಕಾಗಿದ್ದ ಹೆಲ್ಗಾ ಮಾತ್ರ ನಗಲಿಲ್ಲ. ಲೀಲಾಗೆ ಏನೋ ಉದ್ದಕ್ಕೆ ಹೇಳಿದಳು.

"ನಿಮ್ಮ ಮಾಮಾ ಹೇಳಿದ್ದು ತಪ್ಪಲ್ಲ ಅಂತಾರ್ರಿ. ಈ ಊರು ಖರೇನೇ ರದ್ದಾಗೇದಂತ. ಆ ಫಲಕ ಮಾಡಿಲ್ಲ, ಸರ್ಕಾರ ಮಾಡೇದಂತ," ಎಂದಳು ಲೀಲಾ.

ಹೆಲ್ಗಾ ಬಾಯಿಯ ಕಾರು

ಆ ಸಂಜೆ ಹೆಲ್ಗಾ ನಮ್ಮನ್ನು ಕಾಫಿಗೆ ಕರೆದಳು. ಆ ದೇಶದಲ್ಲಿ ನಾಲ್ಕು ಗಂಟೆಗೆ ಕರೆದರೆ ನಾಲ್ಕಕ್ಕೆ ಹೋಗಬೇಕು. ನಾವು ಹತ್ತು ನಿಮಿಷ ಮೊದಲೇ ಹೋದೆವು. ಅವಳು ಕಿಟಕಿಯಿಂದ ನಮ್ಮನ್ನು ನೋಡಿದಳು. ನಾಲ್ಕಾದ ಮೇಲೆ ಬಾಗಿಲು ತೆಗೆದಳು.

ಜರ್ಮನಿಯನ್ನು ಅವಳು ಕೇಕು ಕೊಯ್ಯುತ್ತಲೇ ವಿವರಿಸಿದಳು. ಹದಿನಾರು ರಾಜ್ಯಗಳು. ರಾಜ್ಯದೊಳಗೆ ಜಿಲ್ಲೆಗಳು. ಜಿಲ್ಲೆಯೊಳಗೆ ಊರಾಡಳಿತಗಳು. ಪ್ರತಿ ಊರಾಡಳಿತಕ್ಕೂ ಆರಿಸಿ ಬಂದ ಸಭೆ, ಒಬ್ಬ ಮೇಯರ್. ನಾನು ಮುಂದಿನ ತುಂಡಿಗಾಗಿ ಕಾದೆ. ಅವಳು ಚಾಕು ಕೆಳಗಿಟ್ಟಳು.

"ತಾಲೂಕು ಎಲ್ಲದಂತ ಕೇಳವ್ವಾ," ಎಂದೆ ಲೀಲಾಗೆ.

"ತಾಲೂಕು ಇಲ್ಲಂತ್ರಿ ಮಾಮಾ."

ತಾಲೂಕಿಲ್ಲದೆ ದೇಶ ಹೇಗೆ ನಡೆಯುತ್ತದೆ ಎಂಬುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಜಾತಿ ಪ್ರಮಾಣಪತ್ರಕ್ಕೆ ಯಾರ ಮುಂದೆ ನಿಲ್ಲುತ್ತಾರೆ, ಜಗಳವಾದಾಗ ಯಾವ ತಹಶೀಲ್ದಾರರಿಗೆ ಅರ್ಜಿ ಕೊಡುತ್ತಾರೆ? ನಮ್ಮಲ್ಲಿ ಹೊಸಬರ ಪರಿಚಯವೇ ಊರು ಯಾವುದು, ತಾಲೂಕು ಯಾವುದು ಎಂದು ಶುರುವಾಗುತ್ತದೆ. ಔರಾದ ಪಟ್ಟಣ ಪಂಚಾಯಿತಿ, ಭಾಲ್ಕಿ ಪುರಸಭೆ, ಬೀದರ್ ಪಾಲಿಕೆ ಎಂದು ನಾನು ನಮ್ಮ ಕಡೆಯ ಮೂರು ಅಳತೆಗಳನ್ನು ಹೇಳಿದೆ. ಹಳ್ಳಿಗೆ ಬೇರೆ ಪಂಚಾಯಿತಿ, ಅದರ ಮೇಲೆ ತಾಲೂಕು, ಅದರ ಮೇಲೆ ಜಿಲ್ಲೆ. ಹೆಲ್ಗಾ ಇಷ್ಟೊಂದು ಮಹಡಿಗಳೇ ಎಂದಳು.

ಅವಳ ಗಂಡ ಕ್ಲೈನ್‌ಹಾಗನ್ನಿನ ಕೊನೆಯ ಮೇಯರ್. ಹಗಲು ಹೊಲ ಮಾಡುವುದು, ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಊರಿನ ಕಾಗದಗಳಿಗೆ ಸಹಿ ಹಾಕುವುದು. ಆಮೇಲೆ ಸಣ್ಣ ಊರುಗಳನ್ನೆಲ್ಲ ಕೂಡಿಸುವ ಕಾನೂನು ಬಂತು. ಕ್ಲೈನ್‌ಹಾಗನ್ ನಾಲ್ಕು ಮೈಲಿ ಆಚೆಯ ಗ್ರೋಸ್‌ಹಾಗನ್ನಿಗೆ ಸೇರಿಹೋಯಿತು. ಜಿಲ್ಲೆಗಳೂ ಒಂದರಲ್ಲೊಂದು ಸೇರಿದವು. ಆಗ ಕಾರಿನ ನಂಬರಿನಲ್ಲಿದ್ದ ಹಳೆಯ ಜಿಲ್ಲೆಯ ಅಕ್ಷರಗಳೂ ಹೋದವು. ಊರು ಹೋದದ್ದಕ್ಕೆ ಸುಮ್ಮನಿದ್ದ ಜನ ಅಕ್ಷರ ಹೋದದ್ದಕ್ಕೆ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಗೊಣಗಿ, ಬೇಕಾದವರು ಹಳೆಯ ಅಕ್ಷರವನ್ನೇ ಹಾಕಿಕೊಳ್ಳಬಹುದೆಂದು ಸರ್ಕಾರ ಒಪ್ಪುವ ಹಾಗೆ ಮಾಡಿದರು. ಹೆಲ್ಗಾ ಮೊದಲ ವಾರವೇ ಹೋಗಿ ಹಾಕಿಸಿಕೊಂಡಳಂತೆ. ಕಾರು ತೋರಿಸಲೆಂದೇ ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋದಳು.

ಇದು ನನಗೆ ಹೊಸದಲ್ಲ. ಬೀದರಿನ ಗಾಡಿಗೆ ಮೂವತ್ತೆಂಟು, ಭಾಲ್ಕಿಯ ಗಾಡಿಗೆ ಮೂವತ್ತೊಂಬತ್ತು. ಭಾಲ್ಕಿಯವರಿಗೆ ಮೂವತ್ತೊಂಬತ್ತರ ಮೇಲೆ ಇರುವ ಅಭಿಮಾನ ಸ್ವಂತ ಅಳಿಯನ ಮೇಲೂ ಇಲ್ಲ. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಒಡೆದರೆ ಸಂಭ್ರಮ. ಐದು ತಾಲೂಕುಗಳಿದ್ದ ಜಿಲ್ಲೆ ಎಂಟಾಯಿತು, ಕಮಲನಗರದಲ್ಲಿ ಪೇಡೆ ಹಂಚಿದರು. ಕಚೇರಿ ಮನೆಗೆ ಹತ್ತಿರ ಬಂತೆಂಬ ಸಂತೋಷ. ಅಲ್ಲಿ ಕೂಡಿಸುತ್ತ ಹೋಗುತ್ತಾರೆ, ಕಚೇರಿ ದೂರ ಹೋಗುತ್ತದೆ.

"ಊರು ಇಲ್ಲೇ ಅದ, ಆದ್ರ ಊರಿನ ಮ್ಯಾಲ ಸಿಟ್ಟು ಬಂದ್ರ ಬಯ್ಯಾಕ ಬಸ್ ಹತ್ತಬೇಕು ಅಂತಾರ್ರಿ," ಎಂದು ಲೀಲಾ ಅವಳ ಮಾತನ್ನು ನಮ್ಮ ಮಾತಿಗೆ ತಂದಳು.

ಗ್ರೋಸ್‌ಹಾಗನ್, ಮೊದಲ ಸಲ

ಕೂಸು ಹುಟ್ಟಿದ್ದು ಗ್ರೋಸ್‌ಹಾಗನ್ನಿನ ಆಸ್ಪತ್ರೆಯಲ್ಲಿ, ಹೀಗಾಗಿ ನೋಂದಣಿಯೂ ಅಲ್ಲಿಯ ಪುರಭವನದಲ್ಲಿಯೇ. ನೋಂದಣಿ ಮಾಡುವವಳ ಹೆಸರು ಬ್ರಾಂಟ್. ಐವತ್ತರ ಆಸುಪಾಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಎದ್ದು ನಿಂತು ಕೈಕುಲುಕಿದಳು. ನಾನೂ ಇದೇ ಕೆಲಸ ಮಾಡಿದವನೆಂದು ಲೀಲಾ ಹೇಳಿದ ಮೇಲೆ ಇನ್ನೊಂದು ಸಲ ಕೈಕುಲುಕಿದಳು. ಮಾತೆಲ್ಲ ಲೀಲಾಳ ಮೂಲಕ ಆದದ್ದರಿಂದ ಜರ್ಮನ್ ಸರ್ಕಾರ ನನ್ನೊಡನೆ ಕೊನೆಯವರೆಗೂ ಭಾಲ್ಕಿಯ ಕನ್ನಡದಲ್ಲಿಯೇ ಮಾತಾಡಿತು.

"ಈ (ಕೆ) ಅಂದ್ರ ಏನಂತ ಕೇಳ್ತಾರ್ರಿ. ಪಾಸ್‌ಪೋರ್ಟಿನಾಗ ಇದು ಎಲ್ಲೂ ಇಲ್ಲ. ಊರಿನ ಹೆಸರೋ, ಮನಿತನದ ಹೆಸರೋ ಅಂತ."

ನಮ್ಮ ಕಡೆ ಒಂದೇ ಹೆಸರಿನ ಎರಡು ಊರುಗಳಿದ್ದರೆ ದೊಡ್ಡದು ಬುದ್ರುಕ, ಸಣ್ಣದು ಖುರ್ದ. ಕಾಗದದಲ್ಲಿ ಕಂಸದೊಳಗೆ (ಬಿ) ಮತ್ತು (ಕೆ). ನಮ್ಮದು ಸಣ್ಣ ನಿಂಬಗಾಂವ, ಹಳ್ಳದ ಆಚೆ ದೊಡ್ಡದಿದೆ ಎಂದೆ. ಬ್ರಾಂಟ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಕ್ಲೈನ್ ಅಂದ್ರ ಸಣ್ಣದು, ಗ್ರೋಸ್ ಅಂದ್ರ ದೊಡ್ಡದು ಅಂತ್ರಿ ಮಾಮಾ," ಎಂದಳು ಲೀಲಾ. ಅವಳಿಗೂ ಅದು ಆಗಲೇ ಹೊಳೆದಿತ್ತು. "ಇಷ್ಟು ದಿನ ನಾ ಹಾಗನ್ ಖುರ್ದದಾಗ ಇದ್ದೀನ್ರಿ!"

ಬ್ರಾಂಟ್ ಬಾಯಿಯೂ ಖುರ್ದದವಳೇ. ದೊಡ್ಡ ಊರಿನ ಕಚೇರಿಯಲ್ಲಿ ಕೂತ ಸಣ್ಣ ಊರಿನವಳು. ಆಮೇಲಿನ ಮಾತು ಸಲೀಸಾಯಿತು. ಔರಾದ ಹೇಗೆ ಕಮಲನಗರವಾಯಿತು ಎಂಬುದಕ್ಕೆ ಅವಳು ಹಾಳೆಯ ಮೇಲೆ ರಾಜ್ಯ, ಜಿಲ್ಲೆ, ಊರು ಎಂದು ಮೂರು ಚೌಕ ಬರೆದಳು. ನಾನು ನಡುವೆ ಇನ್ನೊಂದು ಚೌಕ ಸೇರಿಸಿ, ಅದನ್ನು ಎರಡಾಗಿ ಸೀಳಿದೆ. ಸೀಳಿದಾಗ ಊರು ಅತ್ತಿತ್ತ ಹೋಯಿತೇ ಎಂದಳು.

"ಊರು ಜಾಗಾ ಬಿಟ್ಟು ಸರದಿಲ್ಲ, ಕಾಗದ ಹೋಗ್ಯಾವ ಅಂತ ಹೇಳು," ಎಂದೆ.

ಅವಳು ತಲೆಯಾಡಿಸಿ ಎರಡು ಕಾಗದಗಳನ್ನು ಒಂದರ ಮೇಲೊ‍ಂದು ಇಟ್ಟಳು. ಮೂರನೆಯದು ಕೈಯಲ್ಲಿ ಉಳಿಯಿತು. ಭಾಲ್ಕಿ. ಹೆಡ್‌ಮಾಸ್ತರರ ಕಥೆ ಹೇಳಿದೆ. ಅದು ಅವಳಿಗೆ ಸಾಲಲಿಲ್ಲ.

"ಹಂಗಾದ್ರ ಯಾವುದು ಖರೆ ಅಂತ ಕೇಳ್ತಾರ್ರಿ. ನೀವೇ ಬರದೀರಿ, ನಿಂಬಗಾಂವದಾಗೇ ಹುಟ್ಟ್ಯಾಳಂತ ಪ್ರಮಾಣ ಮಾಡಿ ಹೇಳಿದ್ರ ಅದನ್ನೇ ಹಿಡೀತೀನಿ ಅಂತಾರ. ಕೂಸಿನ ಕಾಗದ ಈ ವಾರದಾಗೇ ಆಗ್ತದಂತ್ರಿ!"

ಲೀಲಾಳ ಮುಖ ಅರಳಿತ್ತು. ಒಂದು ಹೌದು ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಮೂವತ್ತೈದು ವರ್ಷ ಜನರಿಗೆ ಹೇಳಿದ ಮಾತು.

"ನಾಳಿ ಹೇಳ್ತೇನಿ ಅನ್ನು."

ಮೇಜಿನ ಈ ಕಡೆ ಕೂತು ಅದನ್ನು ಹೇಳಿದ್ದು ಅದೇ ಮೊದಲು. ಬ್ರಾಂಟ್ ಬಾಯಿ ತನ್ನ ಪುಸ್ತಕ ನೋಡಿ, ನಾಳೆ ಆಗುವುದಿಲ್ಲ, ಗುರುವಾರ ಹತ್ತೂಕಾಲಿಗೆ ಎಂದಳು.

ಮತ್ತೆ ಕ್ಲೈನ್‌ಹಾಗನ್

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಕಸ್ತೂರಿಯನ್ನು ಕರೆತರಬೇಕಾದವನು ನಾನು. ಆಗ ಪಂಚಾಯಿತಿ ಚುನಾವಣೆ ಬಂದಿತ್ತು. ಯಾವ ಓಣಿ ಯಾವ ವಾರ್ಡಿಗೆ, ಯಾವ ಮನೆಯಿಂದ ಗೆರೆ ಎಳೆಯಬೇಕು ಎಂಬ ಪಟ್ಟಿ ಮಾಡುವ ಕೆಲಸ ನನ್ನ ಮೇಲಿತ್ತು. ಹಳ್ಳಿಯ ದೊಡ್ಡವರು ದಿನವೂ ಬಂದು ಗೆರೆಯನ್ನು ಅತ್ತಿತ್ತ ಸರಿಸಲು ಹೇಳುತ್ತಿದ್ದರು. ಅದರಲ್ಲಿ ನನಗೆ ಒಂದು ಮದವೂ ಇತ್ತು, ಈಗ ಹೇಳಿಕೊಳ್ಳಲು ಅಡ್ಡಿಯಿಲ್ಲ. ಬರುವ ವಾರ ಬರುತ್ತೇನೆಂದು ಮೂರು ಸಲ ಹೇಳಿ ಕಳಿಸಿದೆ. ಭಾಲ್ಕಿಯಲ್ಲಿ ಅವಳ ಅತ್ತೆ, ತವರಿನವರು ಸತ್ತಾರೇನು ಎಂದು ಕೇಳುತ್ತಿದ್ದಳಂತೆ.

ಕೊನೆಗೆ ಒಂದು ಮಧ್ಯಾಹ್ನ ಬಾಡಿಗೆ ಜೀಪು ಮಾಡಿಕೊಂಡು ಅವ್ವನ ಜೊತೆ ಹೋದೆ. ಹೊತ್ತು ಮೀರಿತ್ತು. ಕಸ್ತೂರಿಯನ್ನು ಕೂರಿಸಿಕೊಂಡು ತಿರುಗಿ ಬರುವಾಗ, ಮಾಂಜ್ರಾ ನದಿಯ ಸೇತುವೆ ಇನ್ನೂ ಮುಂದಿರುವಾಗಲೇ ಅವ್ವ ಜೀಪು ನಿಲ್ಲಿಸೆಂದಳು. ನನ್ನನ್ನೂ ಡ್ರೈವರನನ್ನೂ ಕೆಳಗಿಳಿಸಿದಳು. ಲೀಲಾ ಹುಟ್ಟಿದ್ದು ಅಲ್ಲಿ, ರಸ್ತೆಯ ಮೇಲೆ, ನದಿಯ ಈಚೆ. ಈಚೆಯ ದಂಡೆ ಭಾಲ್ಕಿ ತಾಲೂಕು, ಆಚೆಯದು ಆಗಿನ ಔರಾದ.

ಮರುವಾರ ನೋಂದಣಿ ಪುಸ್ತಕ ತೆರೆದು ನಿಂಬಗಾಂವ (ಕೆ) ಎಂದು ಬರೆದೆ. ತಂಗಿಯ ಮಾನ ಉಳಿಸಲು ಬರೆದೆನೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ಬುಧವಾರ ಬೆಳಿಗ್ಗೆ ಕಸ್ತೂರಿಗೆ ಫೋನು ಮಾಡಿದೆ. ಪ್ರಮಾಣ ಮಾಡಲೋ, ನಿಜ ಹೇಳಲೋ ಎಂದು ಕೇಳಿದೆ.

"ನನಗ್ಯಾಕ ಕೇಳ್ತಿ ಅಣ್ಣಾ? ಬರಿಯೋವಾಗ ಕೇಳಿ ಬರದಿದ್ದೇನು?"

"ನಿಮ್ಮತ್ತಿ ಬಾಯಿಗಿ ಅಂಜಿ ಬರದೆ. ನಿನಗಾಗೇ ಬರದೆ."

"ಅತ್ತಿ ಅಂದದ್ದು ಅಂದೇ ಹೋತು. ಒಣಾ ಮಾತು ಒಂದು ದಿನ ಇರ್ತದ. ನಾ ಮನಿ ಮುಟ್ಟಿ ಹಡದೆ ಅಂತ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಕೇಳಿದವರಿಗಿ ದಾರ್ಯಾಗ ಅಂತೇ ಹೇಳ್ತಿದ್ದೆ, ಆಮ್ಯಾಲ ನಿನ್ನ ಕಾಗದ ಬಂತು. ಅದಕ್ಕ ಬಾಯಿ ಮುಚಗೊಂಡೆ. ನಿನ್ನ ನೌಕರಿ ಹೋಗಬಾರದಂತ."

ಅವಳನ್ನು ನಾನು ಕಾಪಾಡಿದೆನೆಂದು ತಿಳಿದಿದ್ದೆ. ಇಪ್ಪತ್ತೆಂಟು ವರ್ಷ ಅವಳು ನನ್ನನ್ನು ಕಾಪಾಡಿದ್ದಳು.

ಗ್ರೋಸ್‌ಹಾಗನ್, ಎರಡನೆಯ ಸಲ

ಗುರುವಾರ ಹತ್ತೂಕಾಲು. ಬ್ರಾಂಟ್ ಬಾಯಿ ಬಾಗಿಲು ತೆರೆದಾಗ ಪುರಭವನದ ಗಡಿಯಾರದಲ್ಲಿ ಮುಳ್ಳು ಅಲ್ಲಿಯೇ ಇತ್ತು. ಪ್ರಮಾಣಕ್ಕೆ ಬೇರೆ ದುಭಾಷಿ ಬೇಕಾಗುತ್ತದೆ, ಈಗ ಬರಿ ಮಾತು ಎಂದಳು. ಲೀಲಾ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುವೆ ಕೂತಳು.

"ಲೀಲಾ, ನಾ ಹೇಳಿದ್ದು ಹೇಳಿದ್ಹಂಗೇ ಅವರಿಗಿ ಹೇಳು. ನಡುವ ನಿಲ್ಲಬ್ಯಾಡ."

"ಹೂಂ ಹೇಳ್ರಿ."

"ಈಕಿ ನಿಂಬಗಾಂವದಾಗ ಹುಟ್ಟಿಲ್ಲ. ನಾ ಸುಳ್ಳು ಬರದೀನಿ."

ಅವಳು ಜರ್ಮನ್ ಮಾಡಲಿಲ್ಲ. ನನ್ನ ಕಡೆ ತಿರುಗಿದಳು.

"ಏನಂದ್ರಿ?"

"ಮೊದಲ ಅವರಿಗಿ ಹೇಳವ್ವಾ."

ಹೇಳಿದಳು. ಆಮೇಲಿನದನ್ನು ನಾನು ಒಂದೊಂದೇ ವಾಕ್ಯವಾಗಿ ಹೇಳಿದೆ, ಅವಳು ಒಂದೊಂದೇ ವಾಕ್ಯವಾಗಿ ದಾಟಿಸಿದಳು. ತನ್ನ ಹುಟ್ಟನ್ನು ತಾನೇ ಮೊದಲ ಸಲ ಕೇಳಿ, ಕೇಳಿದ ಕೂಡಲೇ ಪರಭಾಷೆಯಲ್ಲಿ ಹೇಳಬೇಕಾದ ಕಷ್ಟ ಇನ್ನೊಬ್ಬರಿಗೆ ಬಾರದಿರಲಿ. ನದಿಯ ಯಾವ ಕಡೆ, ಖಚಿತವಾಗಿ ಹೇಗೆ ಗೊತ್ತು ಎಂದು ಬ್ರಾಂಟ್ ಬಾಯಿ ಕೇಳಿದಳು. ಅದನ್ನೂ ಹೇಳಿದೆ. ಕೂಸು ಅತ್ತ ಸದ್ದು ಕೇಳಿದಾಗ ನಾನು ಮೊದಲು ನೋಡಿದ್ದು ಜೀಪಿನ ಕಡೆಗಲ್ಲ, ಗಡಿಕಲ್ಲಿನ ಕಡೆಗೆ. ಕಲ್ಲು ಮುಂದಿತ್ತು, ನಾವು ಇನ್ನೂ ಭಾಲ್ಕಿಯಲ್ಲಿದ್ದೆವು. ಕೂಸು ಹೆಣ್ಣೋ ಗಂಡೋ ಎಂದು ಕೇಳುವ ಮೊದಲೇ ಪುಸ್ತಕದಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತಿದ್ದೆ.

ಹಾಗೆ ಏಕೆ ಬರೆದಿರಿ ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಅದನ್ನು ಕೇಳಿದವರು ಬ್ರಾಂಟ್ ಬಾಯಿಯೋ ಲೀಲಾಳೋ ನನಗೆ ತಿಳಿಯಲಿಲ್ಲ.

"ನಾಚಿಕಿಗಿ," ಎಂದೆ.

ಲೀಲಾ ಆ ಪದಕ್ಕೆ ಜರ್ಮನ್ ಹುಡುಕಿದಳು. ಬ್ರಾಂಟ್ ಬಾಯಿ ಅಲ್ಲಿಯವರೆಗೂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಆ ಒಂದನ್ನು ಬರೆದುಕೊಳ್ಳಲಿಲ್ಲ. ಅದಕ್ಕಾಗಿ ನಾನು ಅವಳಿಗೆ ಇವತ್ತಿಗೂ ಋಣಿ.

ಅವಳ ತೀರ್ಮಾನ ಸರಳವಾಗಿತ್ತು. ಪಾಸ್‌ಪೋರ್ಟಿನ ಭಾಲ್ಕಿ ಸರಿಯಿದೆ. ಜನನ ಪತ್ರ ತಪ್ಪಿದೆ. ಆ ತಪ್ಪನ್ನು ಇಲ್ಲಿ ತಿದ್ದಲಾಗುವುದಿಲ್ಲ, ಬರೆದ ಊರಿನಲ್ಲಿಯೇ ತಿದ್ದಿಸಿ ತರಬೇಕು. ಅಲ್ಲಿಯವರೆಗೆ ಕಡತ ತೆರೆದಿಡುತ್ತೇನೆ, ಷರಾ ಬರೆಯುವುದಿಲ್ಲ ಎಂದಳು.

ಬಸ್ಸು ಬಂತು. ಹತ್ತಿ ಕೂತ ಮೇಲೆ ಲೀಲಾ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು.

"ಸಣ್ಣಾಕಿ ಇದ್ದಾಗ ನಿಂಬಗಾಂವಕ್ಕ ಬಂದಾಗೆಲ್ಲ, ಇದೇ ಖೋಲಿದಾಗ ನೀ ಹುಟ್ಟಿದ್ದಿ ಅಂತ ತೋರಸ್ತಿದ್ರಿ. ಅದೂ ಸುಳ್ಳೇನ್ರಿ?"

"ಅದೂ ಸುಳ್ಳು."

"ನಾ ಆ ಖೋಲಿ ಫೋಟೋ ಇಟಗೊಂಡೀನ್ರಿ ಮಾಮಾ. ಕೂಸಿಗಿ ತೋರಸ್ಬೇಕಂತ."

ಎರಡು ದಿನ ನನ್ನ ತಾಟಿಗೆ ದಿಲೀಪನೇ ಬಡಿಸಿದ. ಅವನು ಒಳ್ಳೆಯವನು, ಏನೂ ಕೇಳಲಿಲ್ಲ. ಆ ಎರಡು ದಿನ ನಾನು ಹೆಲ್ಗಾಳ ಅಂಗಳದಲ್ಲಿ ಎಲೆ ಗುಡಿಸಿದೆ. ಗುಡಿಸಿದ ಎಲೆಯನ್ನು ಬೇರೆ ಡಬ್ಬಿಗೆ, ಕಡ್ಡಿಯನ್ನು ಬೇರೆ ಡಬ್ಬಿಗೆ ಹಾಕಬೇಕೆಂದು ಅವಳು ಎರಡು ಸಲ ತಿದ್ದಿದಳು. ಮೂರನೆಯ ದಿನ ಲೀಲಾ ತಾನೇ ಬಂದು ರೊಟ್ಟಿ ಹಾಕಿದಳು. ಅಜ್ಜಿ ಜೀಪಿನಲ್ಲಿ ಹೊಕ್ಕುಳಬಳ್ಳಿಯನ್ನು ಏನಿಂದ ಕೊಯ್ದಳು, ಯಾವುದರಲ್ಲಿ ಕೂಸನ್ನು ಸುತ್ತಿದಳು ಎಂದು ಕೇಳಿದಳು. ನರ್ಸಿನ ಪ್ರಶ್ನೆಗಳು. ಹೊಸ ಬ್ಲೇಡು ಅವ್ವನ ಚೀಲದಲ್ಲಿ ಮೊದಲೇ ಇತ್ತು, ಸುತ್ತಿದ್ದು ನನ್ನ ಧೋತರದಲ್ಲಿ ಎಂದೆ. ಅವಳು ತಲೆಯಾಡಿಸಿದಳು.

ಹೊರಡುವ ದಿನ ಕಾಲಿಗೆ ನಮಸ್ಕಾರ ಮಾಡಿ, "ಅವ್ವಗ ಕರಕೊಂಡು ಕಮಲನಗರಕ್ಕ ಹೋಗ್ರಿ. ಈ ಸಲ ಹೊತ್ತಿಗಿ ಸರಿಯಾಗಿ ಹೋಗ್ರಿ," ಎಂದಳು. ನಕ್ಕಳು ಎಂದುಕೊಂಡಿದ್ದೇನೆ.

ಕಮಲನಗರ

ಭಾಲ್ಕಿಗೆ ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದು ಹೇಳಿ ಆರೂವರೆಗೆ ಹೋದೆ. ಕಸ್ತೂರಿ ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಳು. ಜರ್ಮನಿಯವರು ನಿನ್ನನ್ನು ಕೆಡಿಸಿದರು ಎಂದಳು. ದಾರಿಯಲ್ಲಿ ಸೇತುವೆ ಬಂದಾಗ ಅವಳು ಸೊಪ್ಪಿನ ದರ ಏರಿದ್ದರ ಬಗ್ಗೆ ಮಾತಾಡುತ್ತಿದ್ದಳು, ಮಾತು ನಿಲ್ಲಿಸಲಿಲ್ಲ.

ತಾಲೂಕು ಒಡೆದಾಗ ನಿಂಬಗಾಂವದ ಹಳೆಯ ಪುಸ್ತಕಗಳು ಕಮಲನಗರಕ್ಕೆ ಬಂದಿವೆ. ಕೌಂಟರಿನಲ್ಲಿದ್ದ ಗುಮಾಸ್ತೆ ಪುಸ್ತಕ ತೆಗೆದು ನನ್ನ ಅಕ್ಷರವನ್ನೂ ನನ್ನನ್ನೂ ನೋಡಿದಳು. ನಿವೃತ್ತರೆಂದು ತಿಳಿದು ಕುರ್ಚಿ ಕೊಟ್ಟಳು. ತಿದ್ದುಪಡಿಯ ಅರ್ಜಿಯನ್ನು ತಾನೇ ತುಂಬತೊಡಗಿದಳು. ಹೆಸರು, ದಿನಾಂಕ, ತಪ್ಪಾಗಿ ದಾಖಲಾದ ಸ್ಥಳ, ಸರಿಯಾದ ಸ್ಥಳ. ತಿದ್ದುಪಡಿಗೆ ಕಾರಣ ಎಂಬಲ್ಲಿ ನನ್ನನ್ನು ಕೇಳಲೂ ಇಲ್ಲ, 'ಕಣ್ತಪ್ಪಿನಿಂದ' ಎಂದು ಬರೆದಳು. ನಾವೆಲ್ಲರೂ ಹಾಗೆಯೇ ಬರೆಯುತ್ತಿದ್ದೆವು. ಸರ್ಕಾರಿ ಕಾಗದದಲ್ಲಿ ಕಣ್ಣು ತಪ್ಪುತ್ತದೆ, ಮನುಷ್ಯ ತಪ್ಪುವುದಿಲ್ಲ.

ನಾನು ಪೆನ್ನು ಇಸಿದುಕೊಂಡು ಅದರ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ 'ಗೊತ್ತಿದ್ದೂ ಬರೆದದ್ದು' ಎಂದು ಬರೆದು ಸಹಿ ಮಾಡಿದೆ.

ಅವಳು ಗಾಬರಿಯಾದಳು. "ಹಿಂಗ ಬರದ್ರ ಸಾಹೇಬ್ರು ಕೇಳ್ತಾರ್ರಿ. ನಿಮಗೇ ಪರೇಶಾನಿ ಆಗ್ತದ. ಬ್ಯಾರೆ ಫಾರಂ ಕೊಡ್ತೇನಿ, ಕಣ್ತಪ್ಪು ಅಂತೇ ಇರಲ್ರಿ."

"ಕೇಳ್ಲಿ ಬಿಡ್ರಿ. ನಾ ಇಲ್ಲೇ ಕೂಡ್ತೇನಿ."

ಕೇಳಿದರು. ಒಳಗೆ ಕರೆಸಿ ಅರ್ಧ ಗಂಟೆ ಕೇಳಿದರು, ಬರೆಸಿಕೊಂಡರು, ಕಸ್ತೂರಿಯ ಹೇಳಿಕೆಯನ್ನೂ ಪಡೆದರು. ಮುಂದೆ ಇನ್ನೂ ಎರಡು ಸಲ ಓಡಾಡಬೇಕಾಯಿತು. ಕೊನೆಗೆ ತಿದ್ದಿದ ಕಾಗದ ಜರ್ಮನಿ ಮುಟ್ಟಿ, ಕೂಸಿನ ಪ್ರಮಾಣಪತ್ರ ಯಾವ ಷರಾ ಇಲ್ಲದೆ ಲೀಲಾಳ ಕೈಗೆ ಬಂತು.

ಆದರೆ ಅದೆಲ್ಲ ಆಮೇಲಿನದು. ಆ ದಿನ ಕೌಂಟರಿನಲ್ಲಿ ಗುಮಾಸ್ತೆ ಇನ್ನೂ ಹೊಸ ಫಾರಂ ಹಿಡಿದುಕೊಂಡೇ ನಿಂತಿದ್ದಳು. ನನ್ನಿಂದ ಆಗದ ಮಾತು ತಂಗಿಯಿಂದಾದರೂ ಆಗಲೆಂದು ಕಸ್ತೂರಿಯ ಕಡೆ ತಿರುಗಿ, ನೀವಾದರೂ ಹೇಳಿ ಎಂದಳು.

ಕಸ್ತೂರಿ ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನು ಎರಡು ಸಲ ಓದಿದಳು. ಆಮೇಲೆ ಹೊಸ ಫಾರಂ ಹಿಡಿದ ಗುಮಾಸ್ತೆಯ ಕೈಯನ್ನು ಹಿಂದಕ್ಕೆ ಸರಿಸಿದಳು.

"ಇರ್ಲಿ ಬಿಡವ್ವಾ. ಇಪ್ಪತ್ತೆಂಟು ವರ್ಷಕ್ಕ ನಮ್ಮಣ್ಣ ಒಂದು ಖರೆ ಬರದಾನ. ಅದನ್ನೂ ತಿದ್ದಬ್ಯಾಡ."